ಅಪ್ಪನ ಹೊಲದಲ್ಲಿ ನಮ್ಮ ವನವಾಸ

ಕಷ್ಟಪಡುವುದರಲ್ಲೂ ಒಂದು ಸೊಗಸಿದೆ ಎನ್ನುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹೀಗೆ ಹೇಳುವವರು ಸಾಮಾನ್ಯವಾಗಿ ಮಂಚದ ಮೇಲೆ ಮಲಗುವವರು, ಹಿತ್ತಲಲ್ಲೇ ಬಾವಿ ಇರುವವರು. ನಾನು ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ. ಅಲ್ಲಿ ನೆಲದ ಮೇಲೆ ಮಲಗುವುದಕ್ಕೆ, ಮೂರು ಕಲ್ಲಿಟ್ಟು ಬೇಯಿಸಿಕೊಳ್ಳುವುದಕ್ಕೆ, ಬರಿಗಾಲಲ್ಲಿ ಮುಳ್ಳು ತುಳಿಯುವುದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಬದುಕು ಅನ್ನುತ್ತಿದ್ದರು, ಅಷ್ಟೆ. ಓದಲೆಂದು ಚಿತ್ರದುರ್ಗಕ್ಕೆ ಹೋದಮೇಲೆ ಅದಕ್ಕೆ ‘ಬೇಸಿಗೆ ಶಿಬಿರ’ ಎಂಬ ಹೆಸರಿರುವುದು ತಿಳಿಯಿತು.

ನಮ್ಮ ಸ್ಕೂಲಿನ ಡ್ರಿಲ್ ಮೇಷ್ಟ್ರು ಮೈಸೂರಿಗೆ ತರಬೇತಿಗೆ ಹೋಗಿ, ಬರುವಾಗ ಒಂದು ಖಾಕಿ ಚಡ್ಡಿ, ಒಂದು ಸೀಟಿ ಮತ್ತು ಬೇಡದಷ್ಟು ಉತ್ಸಾಹ ತಂದಿದ್ದರು. ಪೇಟೆಯ ಹುಡುಗರು ಮೆತ್ತಗಾಗಿದ್ದಾರೆ, ಈ ರಜೆಯಲ್ಲಿ ಇಡೀ ತರಗತಿ ಕಾಡುಬಯಲಲ್ಲಿ ಡೇರೆ ಹೊಡೆದು ಬದುಕಬೇಕು ಎಂದು ಸಾರಿದರು. ನನಗೆ ಕಣ್ಣು ಕತ್ತಲೆ ಬಂತು. ವರ್ಷವಿಡೀ ಬೋರ್ಡಿಂಗಿನ ನೀರುಸಾರನ್ನು ನಾನು ಸಹಿಸಿದ್ದೇ ರಜೆಯ ಆಸೆಯಿಂದ. ಅಮ್ಮನ ಕೈಯಡಿಗೆ, ಅಟ್ಟದ ಹುಲ್ಲಿನಲ್ಲಿ ಹಣ್ಣಾಗುತ್ತಿರುವ ಮಾವು, ಎಲ್ಲವೂ ಹೋಯಿತಲ್ಲ. ನನಗೆ ಹಳ್ಳಿಗಾಡಿನ ಬದುಕು ಚೆನ್ನಾಗಿ ಗೊತ್ತು ಸಾರ್, ನನ್ನನ್ನು ಬಿಟ್ಟುಬಿಡಿ ಎಂದು ಬೇಡಿಕೊಂಡೆ. ಅಹಂಕಾರ ಒಳ್ಳೆಯದಲ್ಲ ಎಂದರು. ಅಷ್ಟರಲ್ಲಿ ಅಪ್ಪ ಮಠದ ಕೆಲಸಕ್ಕೆಂದು ದುರ್ಗಕ್ಕೆ ಬಂದರು. ಮಗನ ರಜೆ ಕಸಿಯುವವರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆಂದು ನಂಬಿ, ಅವರನ್ನು ನಾನೇ ಕೈಹಿಡಿದು ಮೇಷ್ಟ್ರ ಮುಂದೆ ನಿಲ್ಲಿಸಿದೆ. ಇಬ್ಬರೂ ಬೇವಿನ ಮರದ ಕೆಳಗೆ ಬಹಳ ಹೊತ್ತು ಮಾತಾಡಿದರು. ಅಪ್ಪ ಮುಖ ಅರಳಿಸಿಕೊಂಡು ಬಂದು, ಹೋಗಿ ಬಾರಪ್ಪ, ನಾಲ್ಕು ಜನರ ಜೊತೆ ಬಾಳುವುದನ್ನು ಕಲಿಯಬೇಕು ಎಂದುಬಿಟ್ಟರು.

ಗಾಡಿಗಳಲ್ಲಿ ಹೊರಟೆವು. ಹೊಳಲ್ಕೆರೆ ದಾಟಿತು, ಹೊಸದುರ್ಗ ದಾಟಿತು, ನನಗೆ ದಾರಿಯ ಒಂದೊಂದು ಹುಣಸೆಮರವೂ ಗುರುತು ಸಿಗತೊಡಗಿತು. ಕೊನೆಗೆ ಮೇಷ್ಟ್ರು ಸೀಟಿ ಊದಿ, ಇದೇ ನಮ್ಮ ಅರಣ್ಯ ಎಂದರು. ನಾನು ಇಳಿದು ನೋಡುತ್ತೇನೆ, ನಮ್ಮದೇ ರಾಗಿ ಹೊಲ! ಬೆಳೆ ಕೊಯ್ದು ಬೋಳಾಗಿ ಬಿದ್ದಿತ್ತು. ಅಮಲ್ದಾರರ ಮಗ ಸೀನು ನನ್ನ ಗೆಳೆಯ. ಅವನು ಸುತ್ತ ನೋಡಿ, ಇಲ್ಲಿ ನರಮನುಷ್ಯರ ಸುಳಿವೇ ಇಲ್ಲವಲ್ಲೋ ಎಂದು ಪುಳಕಗೊಂಡ. ದಿಬ್ಬದಾಚೆ ಏಳುತ್ತಿದ್ದ ಹೊಗೆ ತೋರಿಸಿ, ಅದು ನಮ್ಮಮ್ಮನ ಒಲೆ ಕಣೋ ಎಂದೆ. ಮೇಷ್ಟ್ರು ಕೇಳಿಸಿಕೊಂಡು, ಶಿಬಿರ ಮುಗಿಯುವವರೆಗೆ ನಿನಗೆ ಮನೆಯೇ ಇಲ್ಲ ಎಂದು ಅಪ್ಪಣೆ ಮಾಡಿದರು.

ನನ್ನ ಸಂಕಟ ಯಾರಿಗೆ ಹೇಳಲಿ? ಮನೆಯ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯುತ್ತಿರುವಾಗ, ಸೀನು ತೊಳಸಿದ ಗಂಟುಗಂಟು ಮುದ್ದೆ ನುಂಗಬೇಕು. ಪೇಟೆಯ ಹುಡುಗರಿಗೆ ಎಲ್ಲವೂ ಸಂಭ್ರಮ. ನಕ್ಷತ್ರಗಳನ್ನು ಅಂದೇ ಸಂಜೆ ತೂಗುಹಾಕಿದ್ದಾರೇನೋ ಎಂಬಂತೆ ಬಾಯಿಬಿಟ್ಟು ನೋಡುತ್ತಿದ್ದರು. ಇದರ ಮೇಲೆ ಶಿಸ್ತು ಬೇರೆ. ದಿನ ಬೆಳಗಾದರೆ ಡೇರೆ ಕಿತ್ತು ಪಕ್ಕದ ತುಂಡಿನಲ್ಲಿ ಹೊಡೆಯಬೇಕು. ಬೆಳಗಿನ ಹೊತ್ತು ಚೊಂಬು ಹಿಡಿದವರು ಕೆರೆಯ ಕಡೆಗಾಗಲಿ ಬೇಲಿಯ ಕಡೆಗಾಗಲಿ ಹೋಗಕೂಡದು, ಡೇರೆಯ ಹಿಂದೆ ಹೊಲದಲ್ಲೇ ಕೂತು ಮಣ್ಣು ಮುಚ್ಚಿ ಬರಬೇಕು. ಮಧ್ಯಾಹ್ನ ನಮ್ಮ ಮನೆಯಿಂದ ಮಜ್ಜಿಗೆಯ ಗಡಿಗೆ, ಬೇಯಿಸಿದ ಕಾಳು, ಬುಟ್ಟಿ ತುಂಬ ಮಾವಿನ ಹಣ್ಣು ಬರುತ್ತಿದ್ದವು. ನಿಮ್ಮಪ್ಪ ಎಂಥ ಉದಾರಿಯೋ ಎಂದು ಹುಡುಗರು ನನ್ನ ಪಾಲಿನ ಹಣ್ಣನ್ನೂ ಚೀಪುತ್ತಾ ಹೊಗಳುತ್ತಿದ್ದರು.

ಒಂದು ಬೆಳಿಗ್ಗೆ ಡೇರೆಯ ಗೂಟ ಕೀಳುತ್ತಿದ್ದವನು ಹಾಗೇ ನಿಂತುಬಿಟ್ಟೆ. ನಮ್ಮ ಕಡೆ ಮಳೆಗೆ ಮುಂಚೆ ಕುರುಬರನ್ನು ಕರೆದು ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದುಂಟು. ರಾತ್ರಿ ಕುರಿಗಳು ಅಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ, ಮರುದಿನ ಮಂದೆಯನ್ನು ಪಕ್ಕದ ತುಂಡಿಗೆ ಸರಿಸುತ್ತಾರೆ, ಹೀಗೆ ಇಡೀ ಹೊಲಕ್ಕೆ ಗೊಬ್ಬರವಾಗುತ್ತದೆ. ಕುರುಬರಿಗೆ ಊಟ ಹಾಕಿ ರಾಗಿ ಅಳೆದು ಕೊಡುತ್ತಾರೆ. ನಾನು ಹೊಲ ನೋಡಿದೆ. ಮೂಡಣ ಬದುವಿನಿಂದ ಶುರುವಾದ ನಮ್ಮ ಡೇರೆಗಳು ಅಚ್ಚುಕಟ್ಟಾಗಿ ಪಡುವಣಕ್ಕೆ ಸರಿಯುತ್ತಿದ್ದವು. ಮೇಷ್ಟ್ರ ಗಾಡಿಯಲ್ಲಿ ಅಪ್ಪ ಕೊಟ್ಟ ರಾಗಿ ಮೂಟೆ ಕೂತಿತ್ತು. ಬದುವಿನ ಮೇಲೆ ಅಪ್ಪ ಕೈಕಟ್ಟಿ ನಿಂತು, ಮಂದೆ ನೋಡುವ ಅದೇ ತೃಪ್ತಿಯಿಂದ ನಮ್ಮನ್ನು ನೋಡುತ್ತಿದ್ದರು.

ಸಿಟ್ಟಿನಿಂದ ಗೂಟ ಹಿಡಿದುಕೊಂಡೇ ಓಡಿದೆ. ನಾವೇನು ಕುರಿಗಳೇನಪ್ಪಾ ಎಂದು ಕೇಳಿದೆ. ಅವರಿಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ.

“ಕುರಿ ಬಂದಿದ್ರೆ ನಿಮ್ಮನ್ಯಾಕೆ ಕರೀತಿದ್ದೆ?” ಎಂದರು. “ಮಂದೆ ಈ ಸಲ ಹಿರಿಯೂರು ಕಡೆ ಹೋಗೈತೆ. ಹೊಲ ಹಸ್ಕೊಂಡು ಕುಂತೈತೆ.”

ನನ್ನನ್ನಾದರೂ ಮನೆಗೆ ಕರೆದುಕೊಂಡು ಹೋಗಿ, ಅಮ್ಮನ ಕೈಯಲ್ಲಿ ಒಂದು ತುತ್ತು ಉಣ್ಣುತ್ತೇನೆ ಎಂದು ಗೋಗರೆದೆ. ಅಪ್ಪ ನಿಜವಾಗಿಯೂ ಯೋಚಿಸಿದರು. ಒಮ್ಮೆ ನನ್ನನ್ನು, ಒಮ್ಮೆ ಹೊಲವನ್ನು ನೋಡಿದರು.

“ನೀನು ಬಂದ್ರೆ ಮಂದೇಲಿ ಒಂದು ಕಮ್ಮಿ ಆಗ್ತೈತಲ್ಲೋ.”

ಹೆತ್ತ ಮಗನಿಗೆ ಹೇಳುವ ಮಾತೇ ಇದು? ಅಂದು ಇನ್ನೊಂದು ಬುಟ್ಟಿ ಮಾವು ಬಂತು. ಮುಟ್ಟಬಾರದೆಂದು ಶಪಥ ಮಾಡಿದೆ. ಆದರೆ ಸೀನು ತಿಂದು ತಿಂದು ಬುಟ್ಟಿಯ ತಳ ಕಾಣತೊಡಗಿದಾಗ ಸಿಟ್ಟು ಮತ್ತಷ್ಟು ಹೆಚ್ಚಿ, ಆ ಸಿಟ್ಟಿನಲ್ಲೇ ತಿಂದೆ. ಮಾರನೆಯ ಬೆಳಿಗ್ಗೆ ಚೊಂಬು ಹಿಡಿದು ಹೋಗಿ ನನ್ನ ಪಾಲಿನದನ್ನೂ ಹೊಲಕ್ಕೇ ಒಪ್ಪಿಸಿ ಬಂದೆ. ಬದುವಿನ ಮೇಲಿನಿಂದ ಅಪ್ಪ ತಲೆದೂಗಿದಂತಿತ್ತು.

ಕೊನೆಯ ದಿನ ಮೇಷ್ಟ್ರು ಅಪ್ಪನಿಗೆ ಹೂವಿನ ಹಾರ ಹಾಕಿ, ಮಕ್ಕಳ ಏಳಿಗೆಗಾಗಿ ನೆಲ ಕೊಟ್ಟ ಪುಣ್ಯಾತ್ಮರು ಎಂದು ಕೊಂಡಾಡಿದರು. ಅಪ್ಪ ಕೈಮುಗಿದು, “ಮುಂದಿನ ವರ್ಷಾನೂ ಬರ್ರಿ, ಪಕ್ಕದ ಹೊಲಾನೂ ನಮ್ದೇ ಐತೆ” ಎಂದರು. ನಾನೊಬ್ಬ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಈಗ ಆ ಹೊಲ ನನ್ನದು. ಮೊನ್ನೆ ಹೊಸದುರ್ಗದಿಂದ ಒಬ್ಬ ಎಳೆಯ ಮೇಷ್ಟ್ರು ಬಂದು, ಹುಡುಗರಿಗೆ ಬಯಲಿನ ಬದುಕು ಕಲಿಸಬೇಕು, ಜಾಗ ಕೊಡುತ್ತೀರಾ ಎಂದು ಕೇಳಿದರು. ಇಷ್ಟು ವರ್ಷ ಅದುಮಿಟ್ಟಿದ್ದ ಕೋಪವೆಲ್ಲ ಉಕ್ಕಿ ಬಂತು. ರಜೆಯಲ್ಲಿ ಮಕ್ಕಳನ್ನು ತಾಯಿಯ ಮಡಿಲಿನಿಂದ ಕಿತ್ತು ಕಲ್ಲುನೆಲದಲ್ಲಿ ಮಲಗಿಸುವುದು ಎಂಥ ಕಟುಕತನ ಎಂದು ಅವರ ಬೆವರಿಳಿಸಿದೆ. ಪಾಪ, ಅವರು ಮುಖ ಬಾಡಿಸಿಕೊಂಡು ಎದ್ದರು. ಹೊರಗೆ ನಮ್ಮ ಹೊಲ ಬೋಳಾಗಿ ಬಿದ್ದಿತ್ತು. ಕುರಿಮಂದೆ ಈ ವರ್ಷವೂ ಹಿರಿಯೂರಿನ ಕಡೆಯಿಂದ ಬಂದಿಲ್ಲ.

“ಕುಂತ್ಕಳ್ರಿ ಮೇಷ್ಟ್ರೇ” ಎಂದೆ. “ಹುಡುಗ್ರು ಎಷ್ಟ್ ಜನ ಅವ್ರೆ? ಹೊಟ್ಟೆ ತುಂಬ ಉಣ್ಣೋರೇನಾ?”