ಗೊತ್ತಿಲ್ಲದವನ ಬೆಲೆ

ಲಿಂಗಸುಗೂರಿನ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಆ ಕಡೆ ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ನನಗೇ ಅದನ್ನು ಕಲಿಸಿ ಹೋಗುತ್ತಿದ್ದರು. ಎಂಬತ್ತರ ದಶಕದ ಕೊನೆಯ ಒಂದು ಮುಂಗಾರಿನಲ್ಲಿ ಮಾತ್ರ ಹತ್ತು ದಿನದಲ್ಲಿ ನಾಲ್ಕು ಪಾಠಗಳಾದವು.

೧. ಪುಸ್ತಕದ ಸಂತೆ

ತರಗತಿಯಲ್ಲಿ ಹೇಳುತ್ತಿದ್ದೆ: ಪರಿಪೂರ್ಣ ಮಾರುಕಟ್ಟೆಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಸರಕಿನ ಬಗ್ಗೆ ಎಲ್ಲವೂ ಗೊತ್ತಿರುತ್ತದೆ. ನೋಟೀಸು ಹಿಡಿದು ಬಂದ ಸಿಪಾಯಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಕಾಲೇಜಿನ ಗಂಟೆ ಹೊಡೆಯುವವನು ಅವನೇ. ಊರು ಸಂತೆಕಲ್ಲೂರು.

"ಅಂಥಾ ಸಂತಿ ಯಾವೂರಾಗ ಐತ್ರಿ ಸರ?"

"ಎಲ್ಲೂ ಇಲ್ಲ. ಪುಸ್ತಕದಲ್ಲಿದೆ."

"ಛೇ. ಇದ್ದಿದ್ರ ಅಲ್ಲೇ ಒಂದು ಎತ್ತು ತರ್ತಿದ್ದೆ."

ಹುಡುಗರು ನಕ್ಕರು. ಅವನು ನಗಲಿಲ್ಲ. ಅವನ ಜೋಡೆತ್ತಿನಲ್ಲಿ ಒಂದು ಹಿಂದಿನ ದಿನ ಹಾವು ಕಚ್ಚಿ ಸತ್ತಿತ್ತು. ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ವಾರದೊಳಗೆ ಇನ್ನೊಂದು ಎತ್ತು ಸಿಗದಿದ್ದರೆ ಮಣ್ಣಿನ ಹಸಿ ಆರಿ, ಆ ವರ್ಷ ಸಜ್ಜೆಯೂ ಇಲ್ಲ, ತೊಗರಿಯೂ ಇಲ್ಲ.

"ನೀವೂ ಜೋಡಿ ಬರ್ರಿ ಸರ. ಓದಿದವ್ರು ಒಬ್ರು ಬೇಕು" ಎಂದ. ಸಲಹೆ ಕೇಳಲು ಕರೆಯುತ್ತಿದ್ದಾನೆಂದು ತಿಳಿದು ಒಪ್ಪಿದೆ.

ಆ ವರ್ಷದ ಪರೀಕ್ಷೆಯಲ್ಲಿ ಒಬ್ಬ ಹುಡುಗ ಬರೆದ: "ಪರಿಪೂರ್ಣ ಮಾರುಕಟ್ಟೆ ಎಂದರೆ ಎತ್ತು ಸಿಗದ ಸಂತೆ." ಪೂರ್ತಿ ಅಂಕ ಕೊಟ್ಟೆ.

೨. ಎಲ್ಲಿಗೂ ಹೋಗದ ಅಜ್ಜಿ

ತುರ್ವಿಹಾಳದಲ್ಲಿ ಒಂದು ಎತ್ತು ಇದೆಯೆಂದು ಸುದ್ದಿ ಬಂತು. ಭಾನುವಾರ ಹೊರಟೆವು. ಮಸ್ಕಿಯಲ್ಲಿ ಎರಡು ಟೆಂಪೋ ನಿಂತಿದ್ದವು. ತುಂಬಿದರೆ ಮಾತ್ರ ಹೊರಡುತ್ತವೆ, ಹಾಗಾಗಿ ಖಾಲಿ ಗಾಡಿಗೆ ಯಾರೂ ಹತ್ತುವುದಿಲ್ಲ, ಹಾಗಾಗಿ ಅದು ತುಂಬುವುದೂ ಇಲ್ಲ. ಒಂದರಲ್ಲಿ ಎರಡೇ ಸೀಟು ಉಳಿದಿದ್ದವು. ಓಡಿ ಹತ್ತಿದೆವು. ಗಾಡಿ ಅಲುಗಲಿಲ್ಲ. ಹೊಸಬನೊಬ್ಬ ಹತ್ತಿದಾಗಲೆಲ್ಲ ಒಳಗಿದ್ದವನೊಬ್ಬ ಬೀಡಿ ಸೇದಲು ಇಳಿದು ಮಾಯವಾಗುತ್ತಿದ್ದ.

ನನ್ನ ಪಕ್ಕದಲ್ಲಿ ತೊಡೆಯ ಮೇಲೆ ದೊಡ್ಡ ಗಂಟು ಇಟ್ಟುಕೊಂಡ ಅಜ್ಜಿ ಕುಳಿತಿದ್ದಳು.

"ಯಾವೂರಿಗೆ, ಅಮ್ಮಾ?"

"ಎಲ್ಲಿಗೂ ಇಲ್ಲಪ್ಪ. ಡ್ರೈವರ್ ನನ್ನ ಮಗ."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ?"

"ಹುಡುಗ್ರು ಕುಂತ್ರ ಮಂದಿ ನಂಬಂಗಿಲ್ಲ. ಮುದುಕಿ ಸುಮ್‌ಸುಮ್ನ ಬಿಸಲಾಗ ಬೇಯಂಗಿಲ್ಲ ಅಂತ ಹತ್ತತಾರ."

ಸುಳ್ಳು ಹೇಳುವವನಿಗೆ ಕಷ್ಟವಾಗುವ ಸಂಕೇತವನ್ನೇ ಜನ ನಂಬುತ್ತಾರೆ. ಇಷ್ಟು ತಿಳಿಯಲು ನಾನು ಧಾರವಾಡದಲ್ಲಿ ಎರಡು ವರ್ಷ ಎಂ.ಎ. ಓದಬೇಕಾಗಿತ್ತು. ವಿನಯದಿಂದ ಕೇಳಿದೆ: "ಗಂಟಿನಲ್ಲಿ ಏನಿದೆ?"

"ಹುಲ್ಲು. ಆ ಗಾಡ್ಯಾಗೂ ಒಬ್ಬಾಕಿ ಮುದುಕಿ ಕುಂತಾಳ. ಆಕಿ ಗಂಟಿಗಿಂತ ದೊಡ್ಡದು ಬೇಕಂತ ಮಗ ತುಂಬಿಕೊಟ್ಟಾನ."

೩. ನೀರಿಗಿಂತ ಮೊದಲು ಸಸಿ

ತುರ್ವಿಹಾಳದ ಎತ್ತಿನ ಒಡೆಯ ಹೇಳಿದ: "ಕಾಲುವಿಗೆ ನೀರು ಬಿಡಲಿಲ್ಲಂದ್ರ ಎತ್ತು ನಿಂದು. ಬಿಟ್ರ ಗದ್ದಿ ಕೆಲಸಕ್ಕ ನನಗ ಬೇಕು. ಬಿಡ್ತಾರ ಅಂತ ಕಾಣತೈತಿ." ಬಾವಿ ನೀರಿನಲ್ಲಿ ಆಗಲೇ ಭತ್ತದ ಸಸಿ ಹಾಕಿದ್ದ.

"ಬಿಡ್ತಾರ ಅಂತ ಆಫೀಸಿನವ್ರು ಹೇಳ್ಯಾರೇನು?" ಎಂದ ಸಿಪಾಯಿ.

"ಅವ್ರೇನು ಹೇಳ್ತಾರ. ಕ್ಯಾಂಪಿನ ಆಂಧ್ರದವ ಸಸಿ ಹಾಕ್ಯಾನ. ಅವ ಸುಮ್ನ ಹಾಕೋ ಮನುಷ್ಯ ಅಲ್ಲ."

ಸಿಪಾಯಿ ಬಿಡುವವನಲ್ಲ. ಆಂಧ್ರದಿಂದ ಬಂದ ರೈತರು ನೆಲೆಸಿದ್ದ ಆ ಕ್ಯಾಂಪಿಗೆ ನಡೆದೆವು. ಆಂಧ್ರದವನು ಕೈ ಜಾಡಿಸಿದ: "ನಂಗೇನು ಗೊತ್ತಂಡಿ? ಕಾಲುವೆ ಗ್ಯಾಂಗ್‌ಮನ್ ಸಸಿ ಮಡಿ ನೋಡಿ ಹಾಕಿದೆ. ನೀರು ಬಿಡೋನು ಅವನೇ ಕದಾ!"

ಗ್ಯಾಂಗ್‌ಮನ್ ಮನೆ ಮುಂದೆ ಮುಖ ತೊಳೆಯುತ್ತಿದ್ದ. "ನನಗ ಯಾರು ಹೇಳ್ತಾರ್ರಿ? ಅದು ನನ್ನ ಹೆಂಡ್ತಿ ಹಾಕಿದ್ದು. ತುರ್ವಿಹಾಳದಾಗ ಆ ಎತ್ತಿನವ ಹಾಕ್ಯಾನ, ನಾವು ಹಿಂದ ಬೀಳೂದು ಬ್ಯಾಡ ಅಂದ್ಲು."

ಒಂದು ಸುತ್ತು ಮುಗಿದಿತ್ತು. ಮೂವರಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಮೂರೂ ಮಡಿ ಹಸಿರಾಗಿ ನಿಂತಿದ್ದವು. ಎತ್ತು ಕೈತಪ್ಪಿತು. ಎರಡು ದಿನಕ್ಕೆ ಕಾಲುವೆಗೆ ನೀರೂ ಬಂತು! ಇದನ್ನು ವಿವರಿಸುವ ಸೂತ್ರ ನನ್ನ ಬಳಿ ಇರಲಿಲ್ಲ. ಸಿಪಾಯಿಯ ಬಳಿ ಇತ್ತು.

"ಸಸಿ ನೋಡಿ ಬಂದೈತ್ರಿ ಸರ."

೪. ಟವೆಲ್ಲಿನ ಕೆಳಗೆ

ಹಸಿ ಇನ್ನೆರಡು ದಿನ ತಡೆಯುವಷ್ಟಿತ್ತು. ಉಳಿದದ್ದು ಲಿಂಗಸುಗೂರಿನ ದನದ ಸಂತೆ ಒಂದೇ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿಯೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಾರೆ. ಪಕ್ಕದವನಿಗೆ ಸುಳಿವು ಹತ್ತಬಾರದು.

ಒಂದು ಬಿಳಿ ಎತ್ತು ಕಂಡಿತು. ಸಿಪಾಯಿ ಸುತ್ತು ಹಾಕಿದ, ಹಲ್ಲು ನೋಡಿದ, ಹಿಂಗಾಲು ಸವರಿದ, ಆಮೇಲೆ ನನ್ನ ಕಿವಿಯ ಹತ್ತಿರ ಬಂದ.

"ಆಗಂಗಿಲ್ಲ ಸರ. ಹಿಂಗಾಲು ಒಳಗೊಳಗ ಹೋಗೈತಿ. ನೊಗ ಹೊತ್ರ ನಾಕು ಸಾಲಿಗೆ ಮಲಗತೈತಿ."

ಇವನ ಹೊಲ ಈ ವರ್ಷ ಬೀಳುಬಿತ್ತು ಎಂದುಕೊಂಡೆ. "ಬೇಡ, ನಡಿ" ಎಂದು ತೋಳು ಹಿಡಿದೆಳೆದೆ.

"ಇರ್ರಿ ಸರ, ಸುಮ್ನ ಕೇಳೂಣು" ಎಂದು ಅವನು ಟವೆಲ್ಲಿನ ಕೆಳಗೆ ಕೈ ಕೊಟ್ಟ.

ದಲ್ಲಾಳಿ ಅವನನ್ನು ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದ. ನಾನು "ಬೇಡ ಅಂದೆನಲ್ಲ" ಎಂದಾಗಲೆಲ್ಲ ಟವೆಲ್ಲಿನೊಳಗೆ ಏನೋ ಒದ್ದಾಡುತ್ತಿತ್ತು. ಕೊನೆಗೆ ದಲ್ಲಾಳಿ ಸಿಡುಕಿದ: "ಈ ಪ್ಯಾಂಟಿನವ್ರನ್ನ ಯಾಕ ಕರಕೊಂಡು ಬಂದೀಲೇ? ಹಿಡಿ, ಹಗ್ಗ ಹಿಡಿ!"

ಸಿಪಾಯಿ ಹಗ್ಗ ಹಿಡಿದೇಬಿಟ್ಟ. ನಾನು ಮನೆಯ ದಾರಿ ಹಿಡಿದೆ.

ಮೂರನೇ ದಿನ ಕಾಲೇಜಿಗೆ ಬಂದ. ಕಾಲ್ಬೆರಳ ಸಂದಿಯಲ್ಲಿ ಹೊಲದ ಮಣ್ಣು ಇನ್ನೂ ಇತ್ತು. "ಬಿತ್ತಿಗಿ ಮುಗೀತ್ರಿ ಸರ. ಸಜ್ಜಿ, ತೊಗರಿ, ಎರಡೂ."

"ಆ ಕುಂಟು ಎತ್ತಿನಿಂದ?"

"ಕುಂಟು ಯಾವುದ್ರಿ? ಅದರ ಜೋಡಿ ನಡದು ನನ್ನ ಹಳೇ ಎತ್ತಿಗೇ ಏದುಸಿರು ಬಂದೈತಿ."

"ನೀನೇ ಹೇಳಿದೆಯಲ್ಲ, ಹಿಂಗಾಲು ಹೋಗಿದೆ ಅಂತ!"

"ಹೇಳಿದ್ನಿ." ತಲೆ ಕೆರೆದುಕೊಂಡು, ತನ್ನ ಮುಖದತ್ತ ಬೆರಳು ತೋರಿಸಿದ. "ನನ್ನ ಮಾರಿ ದಲ್ಲಾಳಿ ನಂಬಂಗಿಲ್ರಿ, ಅವ ಇಂಥಾ ಮಾರಿ ಎಷ್ಟೋ ನೋಡ್ಯಾನ. ನಿಮ್ಮ ಮಾರ್ಯಾಗ ಸುಳ್ಳು ನಿಂದ್ರಂಗಿಲ್ಲ. ಅದಕ್ಕ ಸುಳ್ಳು ನಿಮಗ ಹೇಳಬೇಕಾತು."

ಬೈಯಲು ಬಾಯಿ ತೆರೆದೆ. ಎಷ್ಟೋ ದೊಡ್ಡ ಪಂಡಿತರ ಭಾಷಣ ಆಕಳಿಸುತ್ತ ಕೇಳಿದವನು, ಗಂಟೆ ಹೊಡೆಯುವವನ ಮುಂದೆ ಬೆರಗಾಗಿ ನಿಂತೆ. ಕೊನೆಗೆ ಇಷ್ಟೇ ಅಂದೆ: "ಮೊದಲೇ ಹೇಳಿದ್ದರೆ ನಾನೂ ಸ್ವಲ್ಪ ನಟಿಸುತ್ತಿದ್ದೆನಲ್ಲೋ."

ಅವನು ಮರುಕದಿಂದ ನನ್ನನ್ನು ನೋಡಿದ.

"ನಿಮಗ ಗೊತ್ತಾಗಿದ್ರ ಎತ್ತು ತುಟ್ಟಿ ಆಗ್ತಿತ್ರಿ ಸರ."