ಗಿರಿಜಕ್ಕನ ಹೆಸರಿನಲ್ಲಿ ಬಿತ್ತಿದ ಮೆಣಸು

ಹಿತ್ತಿಲ ಕಲ್ಲಿನ ಮೇಲೆ ಕುಳಿತು ಬೂತಾಯಿ ಮೀನಿನ ತಲೆ ಕತ್ತರಿಸುತ್ತಿದ್ದೆ. ಮುಂಡಾಜೆಗೆ ತಾಯಿಯನ್ನು ನೋಡಲು ಹೋಗಿದ್ದ ನಮ್ಮವರು ಕರವಸ್ತ್ರದ ಗಂಟೊಂದನ್ನು ಹಿಡಿದು ಬಂದರು. ಗಂಟಿನಲ್ಲಿ ಅತ್ತೆ ಬೀಜಕ್ಕೆಂದು ಕಳಿಸಿದ ಆರು ಒಣಮೆಣಸು. ಹಿಂದಿನ ಎರಡು ವರ್ಷವೂ ಅವರು ಹೀಗೆ ಕೊಟ್ಟಿದ್ದರು. ನಾನು ಬಿತ್ತಿ, ನೀರು ಹಾಕಿ, ದುವಾ ಮಾಡಿ ಕಾದಿದ್ದೆ. ಒಂದು ಮೊಳಕೆಯೂ ತಲೆ ಎತ್ತಿರಲಿಲ್ಲ. ಈ ಸಲ ಬೀಜದ ಜೊತೆಗೆ ತಪ್ಪು ಎಲ್ಲಿ ಎಂಬ ಸುದ್ದಿಯೂ ಬಂದಿತ್ತು.

"ಬಿತ್ತುವಾಗ ನೀನು ಬೈಯೂದಿಲ್ಲವಂತೆ. ಅದೇ ತಪ್ಪಂತೆ," ಎಂದರು ಇವರು.

"ಯಾರನ್ನು ಬೈಯಬೇಕು?"

"ಯಾರನ್ನಾದರೂ. ಆದರೆ ಹೆಸರು ಹಿಡಿದು, ಜೋರಾಗಿ. ಬೈಗುಳ ಕೇಳದ ಮೆಣಸು ಏಳೂದೂ ಇಲ್ಲ, ಖಾರವೂ ಆಗೂದಿಲ್ಲ. ಉಮ್ಮ ಇಷ್ಟು ವರ್ಷ ನನ್ನ ಬಾಪನ ಹೆಸರಲ್ಲೇ ಬಿತ್ತಿದ್ದಂತೆ."

ಅತ್ತೆಯ ಮೆಣಸನ್ನು ಒಂದು ತಿಂದವರು ಎರಡನೆಯದಕ್ಕೆ ಕೈ ಹಾಕುತ್ತಿರಲಿಲ್ಲ. ಮಾವ ಎಂಥ ತಾಳ್ಮೆಯ ಮನುಷ್ಯ ಎಂಬುದು ನನಗೆ ಅಂದೇ ಅರ್ಥವಾದದ್ದು!

ಆದರೆ ನನಗೆ ಬೈಯಲು ಬರುವುದಿಲ್ಲ. ಹಾಗೆಂದು ಆಗ ನಂಬಿದ್ದೆ. ಐದು ಹೊತ್ತು ನಮಾಜು ಮಾಡುವ ಬಾಯಿ. ಅಡುಗೆಮನೆಗೆ ನುಗ್ಗಿದ ಕೋಳಿಯನ್ನೂ "ಹೋಗು ಮಗಾ" ಎಂದು ಅಟ್ಟುವವಳು ನಾನು. ಅದರ ಮೇಲೆ ರಂಜಾನಿಗೆ ಮೂರೇ ದಿನ ಬಾಕಿ. ಆ ವರ್ಷಗಳಲ್ಲಿ ರಂಜಾನ್ ಮಳೆ ಬಿಟ್ಟ ಮೇಲೆ, ಸರಿಯಾಗಿ ಮೆಣಸು ಬಿತ್ತುವ ಹೊತ್ತಿಗೇ ಬರುತ್ತಿತ್ತು. ಉಪವಾಸ ಹಿಡಿದು ಯಾರನ್ನಾದರೂ ಬೈದರೆ ಉಪವಾಸಕ್ಕೆ ಬೆಲೆಯಿಲ್ಲ. ಆದ್ದರಿಂದ ಬೈಯುವ ಕಾರ್ಯವನ್ನು ಮೂರು ದಿನದ ಒಳಗೆ ಯಶಸ್ವಿಯಾಗಿ ನೆರವೇರಿಸಬೇಕೆಂದು ತೀರ್ಮಾನಿಸಲಾಯಿತು.

ಯಾರನ್ನು ಬೈಯುವುದು? ಗಂಡನನ್ನು ಬೈದರೆ ಪಾಪ. ಸತ್ತವರನ್ನು ಬೈದರೆ ಇನ್ನೂ ದೊಡ್ಡ ಪಾಪ. ನೆಂಟರನ್ನು ಬೈದರೆ ಸಂಜೆಯೊಳಗೆ ಮುಂಡಾಜೆಗೆ ಮುಟ್ಟುತ್ತದೆ. ಕೊನೆಗೆ ಗೋಡೆಯಾಚೆಯ ಗಿರಿಜಕ್ಕನ ಹೆಸರನ್ನು ಆರಿಸಿದೆ. ಯಾಕೆಂದರೆ ಅವರ ಮೇಲೆ ನನಗೆ ಎಳ್ಳಷ್ಟೂ ಕೋಪವಿರಲಿಲ್ಲ. ಮೆಲ್ಕಾರಿನ ನಮ್ಮ ಮನೆಸಾಲಿನಲ್ಲಿ ಫೋನ್ ಇದ್ದದ್ದು ಅವರೊಬ್ಬರ ಮನೆಯಲ್ಲಿ. ನನ್ನ ಎರಡನೇ ಹೆರಿಗೆಯಲ್ಲಿ ದೊಡ್ಡ ಮಗಳನ್ನು ನಲವತ್ತು ದಿನ ತಮ್ಮ ಮಗ್ಗುಲಲ್ಲೇ ಮಲಗಿಸಿಕೊಂಡಿದ್ದರು. ಕೋಪವಿಲ್ಲದೆ ಬೈದರೆ ಪಾಪವೂ ಕಡಿಮೆ ಎಂಬುದು ನನ್ನ ಬುದ್ಧಿವಂತಿಕೆ. ಅಲ್ಲದೆ ಆ ದಿನ ಅವರು ಪುಂಜಾಲಕಟ್ಟೆಗೆ ಮದುವೆಗೆ ಹೊರಟಿದ್ದರು. ಮಲ್ಲಿಗೆ ಮುಡಿದು ಬಸ್ಸಿಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೆ.

ಬೀಜಕ್ಕೆ ಬೂದಿ ಬೆರೆಸಿ ಪಾತಿಯ ಮುಂದೆ ಕುಳಿತೆ. "ಗಿರಿಜಕ್ಕಾ, ನೀವು... ಅಷ್ಟೇನೂ ಒಳ್ಳೆಯವರಲ್ಲ!" ಎಂದೆ.

ಇಷ್ಟಕ್ಕೆ ಯಾವ ಮೆಣಸು ಎದ್ದೀತು? ಸ್ವರ ಏರಿಸಿದೆ. "ನನ್ನ ಶ್ಯಾವಿಗೆ ಮಣೆ ಕೊಂಡುಹೋಗಿ ಮೂರು ವರ್ಷ ಆಯ್ತು! ಅದಕ್ಕೇನು ಕಾಲು ಉಂಟಾ, ತಾನೇ ನಡೆದುಕೊಂಡು ಬರಲಿಕ್ಕೆ?" ಬೀಜ ಉದುರಿಸಿದೆ. ಬಾಯಿಗೆ ರುಚಿ ಹತ್ತಿತು. "ನನಗೆ ಫೋನ್ ಬಂದರೆ ನೀವು ಬಾಗಿಲ ಹಿಂದೆ ನಿಂತು ಕೇಳೂದು ಯಾಕೆ? ನಾನು ಮನೆಗೆ ಮುಟ್ಟುವ ಮೊದಲೇ ಸುದ್ದಿ ಊರಿಗೆ ಮುಟ್ಟಿರ್ತದೆ!" ಮತ್ತೆ ಒಂದು ಹಿಡಿ. ಆಮೇಲೆ, ಎಲ್ಲಿತ್ತೋ ಗೊತ್ತಿಲ್ಲ, ಇನ್ನೊಂದು ಬಂತು. "ಸ್ವಂತ ಮಕ್ಕಳಿಲ್ಲದವರಿಗೆ ಊರಿನವರ ಸಂಸಾರವೇ ಸಂಸಾರ!"

ನನ್ನ ಕಿವಿಗೇ ಕೇಳಲಾಗಲಿಲ್ಲ. ಅವಸರದಲ್ಲಿ ಮಣ್ಣು ಮುಚ್ಚಿ ತಲೆ ಎತ್ತಿದೆ.

ಗೋಡೆಯಾಚೆ ಗಿರಿಜಕ್ಕ ನಿಂತಿದ್ದರು. ಮದುವೆಯ ಸೀರೆ, ಮಲ್ಲಿಗೆ, ಕೈಯಲ್ಲಿ ಒಂದು ಬುಟ್ಟಿ.

"ಬಸ್ಸು ತಪ್ಪಿತು," ಎಂದರು. "ಮೆಣಸಿಗೆ ಸುಡುಮಣ್ಣು ಒಳ್ಳೆಯದು. ನಿನಗೆ ಅಂತಲೇ ತರಗೆಲೆ ಹಾಕಿ ಸುಟ್ಟದ್ದು." ಬುಟ್ಟಿಯನ್ನು ಗೋಡೆಯ ಮೇಲಿಟ್ಟು ಒಳಗೆ ಹೋದರು. ತಿರುಗಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ!

ಮರುದಿನ ಬೆಳಿಗ್ಗೆಯೇ ಹೋಗಿ, "ಅದು ಮೆಣಸಿಗೋಸ್ಕರ ಬೈದದ್ದು ಗಿರಿಜಕ್ಕ. ಅತ್ತೆ ಹೇಳಿದ್ದು. ಮನಸ್ಸಿನಿಂದ ಅಲ್ಲ," ಎಂದೆ.

"ಶ್ಯಾವಿಗೆ ಮಣೆಯ ವಿಷಯ ಅತ್ತೆಗೆ ಹೇಗೆ ಗೊತ್ತು ಐಸಾ?"

ಸಂಜೆಗೆ ಮಣೆ ಮನೆಗೆ ಬಂತು. ಉಜ್ಜಿ, ಎಣ್ಣೆ ಸವರಿ.

ಹತ್ತನೇ ದಿನ ಬೀಜ ಮೊಳೆಯಿತು. ಅಲ್ಲೊಂದು ಇಲ್ಲೊಂದು ಅಲ್ಲ, ಇಡೀ ಪಾತಿ! ನಮ್ಮವರು ಕುಕ್ಕುರುಗಾಲಲ್ಲಿ ಕುಳಿತು ನೋಡಿ, "ಯಾರ ಹೆಸರು ಹಿಡಿದೆ ಮಾರಾಯ್ತಿ? ಭಾರೀ ಒಳ್ಳೆ ಹೆಸರು!" ಎಂದರು. ನಾನು ಹೇಳಲಿಲ್ಲ. ಉಪವಾಸದ ಬಾಯಿ ಎಂದು ಸುಮ್ಮನಾದೆ.

ಇಫ್ತಾರಿಗೆ ಮಾಡಿದ ಬೆಲ್ಲದ ನೈಯಪ್ಪವನ್ನು ಡಬ್ಬಿ ತುಂಬಿಸಿ ಗಿರಿಜಕ್ಕನಿಗೆ ಕಳಿಸಿದೆ. ಡಬ್ಬಿ ತೊಳೆದು, ಒರೆಸಿ, ಖಾಲಿಯಾಗಿ ಬಂತು. ನಮ್ಮ ಕಡೆ ಯಾರೂ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಎರಡು ಕರಿಬೇವಿನೆಲೆಯಾದರೂ ಹಾಕುತ್ತಾರೆ. ಡಬ್ಬಿಯನ್ನು ಬೋರಲು ಹಾಕಿ ತಟ್ಟಿದೆ. ಏನೂ ಬೀಳಲಿಲ್ಲ.

ಫೋನ್ ಬಂದರೆ ಈಗಲೂ ಕರೆಯುತ್ತಿದ್ದರು, ಅಲ್ಹಮ್ದುಲಿಲ್ಲಾಹ್. ಆದರೆ ನಾನು ರಿಸೀವರ್ ಎತ್ತಿದ ಕೂಡಲೇ ಅಂಗಳಕ್ಕೆ ಇಳಿದು ಬಾವಿಯ ಹತ್ತಿರ ನಿಲ್ಲುತ್ತಿದ್ದರು, ನಾನು ಇಡುವವರೆಗೆ. ಒಮ್ಮೆ ಬಾಗಿಲ ಹಿಂದೆ ಬಂದು ನಿಲ್ಲಲಿ ಎಂದು ಎಷ್ಟು ಆಸೆಪಟ್ಟೆನೋ! ತಂಗಿಯ ಮಗಳ ನಿಕಾಹ್ ಗಟ್ಟಿಯಾದ ಸುದ್ದಿಯನ್ನು ಬೇಕೆಂದೇ ಎರಡೆರಡು ಸಲ ಕಿರುಚಿ ಹೇಳಿದೆ. ಬಾವಿಕಟ್ಟೆಯ ಕಡೆಯಿಂದ ಸದ್ದಿಲ್ಲ. ಆ ಸುದ್ದಿ ಊರಿಗೆ ಮುಟ್ಟಲು ಒಂದು ವಾರ ಹಿಡಿಯಿತು.

ಮೂರು ತಿಂಗಳಿಗೆ ಗಿಡದ ತುಂಬ ಕಾಯಿ. ನಮ್ಮವರು ಗಂಜಿಗೆ ಒಂದು ಕಚ್ಚಿಕೊಂಡು, ಕಣ್ಣುಮೂಗಿನಲ್ಲೆಲ್ಲ ನೀರು ಸುರಿಸಿ, "ಉಮ್ಮನದ್ದೂ ಇಷ್ಟು ಖಾರ ಇರಲಿಲ್ಲ!" ಎಂದರು. ಹೊಗಳಿಕೆ ಎಂದುಕೊಂಡಿರಬೇಕು, ಪಾಪ.

ಮೊದಲ ಕೊಯ್ಲನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಗಿರಿಜಕ್ಕನಲ್ಲಿಗೆ ಹೋದೆ. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಅವರನ್ನು ಕಂಡ ಕೂಡಲೇ ಮರೆತು, ಬೊಗಸೆ ತುಂಬ ಮೆಣಸು ತೆಗೆದು ನೇರ ಅವರ ಕೈಗೆ ಹಿಡಿದೆ. ಗಿರಿಜಕ್ಕ ಗಾಬರಿಯಿಂದ ಕೈ ಹಿಂದಕ್ಕೆಳೆದರು.

"ಕೆಳಗೆ ಇಡು! ಮೆಣಸು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗ್ತದೆ!"

"ಇನ್ನೂ ಆಗಲಿಕ್ಕೆ ಬಾಕಿ ಉಂಟಾ ಗಿರಿಜಕ್ಕ?"

ಅವರ ತುಟಿ ಸ್ವಲ್ಪ ಅಲುಗಿತು. ನಗು ಬಂತೋ ಇಲ್ಲವೋ, ಖಚಿತವಾಗಿ ಹೇಳಲಾರೆ. ನಾನು ಮೆಣಸನ್ನು ಜಗಲಿಯ ಮೇಲೆ ಸುರಿದೆ. ಅವರು ಕುಳಿತು ಒಂದೊಂದಾಗಿ ಮೊರಕ್ಕೆ ಹಾಕತೊಡಗಿದರು.

"ಬಾಕಿ ಬೈದದ್ದನ್ನೆಲ್ಲ ಬಿಟ್ಟಿದ್ದೇನೆ ಐಸಾ," ಎಂದರು, ತಲೆ ಎತ್ತದೆ. "ಫೋನಿನ ವಿಷಯ ನಿಜವೇ. ಆ ಒಂದು ಮಾತು ಮಾತ್ರ ಹೋಗೂದಿಲ್ಲ."

"ನನಗೂ ಹೋಗೂದಿಲ್ಲ," ಎಂದೆ.

"ಖಾರ ಹೇಗುಂಟು?"

"ತಿನ್ನಲಿಕ್ಕೆ ಆಗೂದಿಲ್ಲ."

"ಹ್ಞೂಂ," ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ. ಅಲ್ಹಮ್ದುಲಿಲ್ಲಾಹ್, ಅಷ್ಟಾದರೂ ಆಯಿತು ಎಂದು ಮನೆಗೆ ಬಂದರೆ, ಒಲೆಯ ಮೇಲಿಟ್ಟು ಹೋಗಿದ್ದ ಕುಚ್ಚಲಕ್ಕಿ ಉಕ್ಕಿ ಬೆಂಕಿಯೇ ಆರಿತ್ತು. ಊದುಗೊಳವೆ ಹಿಡಿದು ಕುಳಿತೆ. ನನ್ನ ಬಾಯಿಗೆ ಕೊನೆಗೂ ತಕ್ಕ ಕೆಲಸ ಸಿಕ್ಕಿತು!