ಮುಳುಗಲೊಲ್ಲದ ಹಡಗು

ನೀರಿನ ಬಣ್ಣದ ಬಿಲ್ಲೆಗಳು ರಜೆಯಲ್ಲಿ ಒಣಗಿ ಬಿರುಕು ಬಿಟ್ಟಿದ್ದವು. ಡ್ರಾಯಿಂಗ್ ಮೇಷ್ಟ್ರು ಕಪಾಟಿನ ಮೂಲೆಯಲ್ಲಿ ತಡಕಾಡಿದಾಗ ಮೇಣದ ಬಣ್ಣದ ಕಡ್ಡಿಗಳ ಎರಡು ಡಬ್ಬಿ ಸಿಕ್ಕವು. "ಇದರಲ್ಲೇ ಹಚ್ಚಿ ಮಕ್ಕಳೇ, ಚೆನ್ನಾಗಿ ಒತ್ತಿ ಒತ್ತಿ ಹಚ್ಚಿ," ಎಂದು ನಾಲ್ಕನೇ ಕ್ಲಾಸಿಗೆ ಹಂಚಿಬಿಟ್ಟರು. ಆ ದಿನದ ಫಜೀತಿಯೆಲ್ಲ ಹೊರಟಿದ್ದು ಆ ಡಬ್ಬಿಗಳಿಂದಲೇ.

ಹಚ್ಚಬೇಕಾಗಿದ್ದು ಟೈಟಾನಿಕ್ ಹಡಗಿಗೆ. ಹಿಮಗಡ್ಡೆಗೆ ಬಡಿದು ಮುಳುಗಿದ ಆ ಹಡಗಿನ ಪಾಠ ಮಕ್ಕಳ ಪುಸ್ತಕದಲ್ಲಿತ್ತು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಬರುವವರಿದ್ದರು. ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್‌ಗಳು ಇರಬೇಕೋ ಬೇಡವೋ ಎಂದು ಅವರೇ ತೀರ್ಮಾನಿಸುವವರು. ಪೀರಿಯಡ್ ಹೋದರೆ ಮೇಷ್ಟ್ರಿಗೆ ಉಳಿಯುವುದು ಯಾರು ರಜೆ ಹಾಕುತ್ತಾರೋ ಅವರ ಕ್ಲಾಸನ್ನು ಕಾಯುವ ಕೆಲಸ. ಸ್ಟಾಫ್‌ರೂಮಿನ ಟೈಮ್‌ಟೇಬಲ್‌ನಲ್ಲಿ ಲೆಕ್ಕದ ಮಿಸ್ ಆಗಲೇ ಡ್ರಾಯಿಂಗ್ ಇದ್ದ ಕಡೆಯಲ್ಲೆಲ್ಲ ಪೆನ್ಸಿಲಿನಲ್ಲಿ ತೆಳ್ಳಗೆ 'ಗಣಿತ' ಎಂದು ಬರೆದಿಟ್ಟಿದ್ದರು.

"ಇವತ್ತು ನೀವು ಏನ್ ಮಾಡ್ತೀರೋ ಗೊತ್ತಿಲ್ಲ, ಮೇಷ್ಟ್ರೇ," ಎಂದಿದ್ದರು ಹೆಡ್‌ಮಿಸ್. "ಡ್ರಾಯಿಂಗಿಂದ ಮಕ್ಕಳು ಪಾಠ ಕಲೀತಾರೆ ಅಂತ ಅವರ ಕಣ್ಣಿಗೆ ಕಾಣ್ಬೇಕು."

ಮೇಷ್ಟ್ರು ಕಾಣಿಸುವುದಕ್ಕೆಂದೇ ಹೊರಟಿದ್ದರು. ರಟ್ಟಿನ ಪೆಟ್ಟಿಗೆ ಕತ್ತರಿಸಿ, ಮಡಚಿ, ಅಂಟಿಸಿ ಮೊಳದುದ್ದದ ಹಡಗು. ಬಟ್ಟೆ ಸುತ್ತಿ ಬರುವ ಕೊಳವೆಗಳಿಂದ ನಾಲ್ಕು ಹೊಗೆಕೊಳವೆ. ಹಳೆಯ ಪೇಪರನ್ನು ಉಂಡೆಗಟ್ಟಿ ಮೇಲೆ ಹತ್ತಿ ಮೆತ್ತಿದ ಹಿಮಗಡ್ಡೆ. ಇವೆರಡನ್ನೂ ಶಾಲೆಯ ಆಯಾ ಬಟ್ಟೆ ನೆನೆಸುವ ನೀಲಿ ಟಬ್ಬಿನಲ್ಲಿ ಬಿಡುವುದು. ರಟ್ಟು ನೀರು ಕುಡಿದು ಐದು ನಿಮಿಷದಲ್ಲಿ ಮೆಲ್ಲಗೆ ಕೆಳಗಿಳಿಯುತ್ತದೆ. ಅಷ್ಟು ಹೊತ್ತು ಮೇಷ್ಟ್ರು ಗದ್ಗದ ದನಿಯಲ್ಲಿ ಕತೆ ಹೇಳುತ್ತಾರೆ. ಇನ್ಸ್‌ಪೆಕ್ಟರ್ ಕಣ್ಣೊರೆಸಿಕೊಂಡರೆ ಪೀರಿಯಡ್ ಉಳಿದಂತೆ.

"ಹಡಗಿನ ಮೇಲೆ ಜನ ಬೇಡ್ವಾ, ಸಾರ್?" ಎಂದಳು ಗುಂಗುರು ಕೂದಲಿನ ಹುಡುಗಿ. ಇಡೀ ಕ್ಲಾಸಿನ ಪ್ರಶ್ನೆಗಳನ್ನೆಲ್ಲ ಅವಳೊಬ್ಬಳೇ ಗುತ್ತಿಗೆ ಹಿಡಿದಿದ್ದಳು.

"ಬೇಕಲ್ಲಮ್ಮ! ನಿಮಗೆ ಗೊತ್ತಿರೋರನ್ನೇ ಬರೆದು, ಕತ್ತರಿಸಿ ಅಂಟಿಸಿ. ಆಗ ಅಯ್ಯೋ ಅನ್ಸುತ್ತೆ."

ಮೇಷ್ಟ್ರು ತಮ್ಮ ಜಾಣತನಕ್ಕೆ ತಾವೇ ತಲೆದೂಗಿದರು. ಅರ್ಧ ಗಂಟೆಯಲ್ಲಿ ಹಡಗು ಹಬ್ಬಕ್ಕೆ ಹೊರಟ ಬಸ್ಸಿನಂತೆ ತುಂಬಿಹೋಯಿತು. ಅಜ್ಜಿಯರೇ ಹನ್ನೊಂದು ಮಂದಿ. ಹೊಟ್ಟೆ ಮುಂದಾದ ಅಪ್ಪಂದಿರು, ಮೂರು ಬೆಕ್ಕು, ತೊಟ್ಟಿಲ ಸಮೇತ ಒಂದು ಪಾಪು. ಆಮೇಲೆ ಮಕ್ಕಳು ತಲೆ ತಗ್ಗಿಸಿ ಬಣ್ಣ ಹಚ್ಚುವುದಕ್ಕೆ ಕೂತವು. ಗಲಾಟೆಯಿಲ್ಲ, ಜಗಳವಿಲ್ಲ, ನೀರು ಕುಡಿಯುವ ನೆಪವೂ ಇಲ್ಲ. ಸುಮ್ಮನಿರುವ ಮಕ್ಕಳನ್ನು ಕಂಡರೆ ದೊಡ್ಡವರು ಒಮ್ಮೆ ಬಗ್ಗಿ ನೋಡಬೇಕು. ಮೇಷ್ಟ್ರು ನೋಡಲಿಲ್ಲ.

ಊಟದ ಬಿಡುವಿಗೆ ಮುಂಚೆ ಹಡಗನ್ನು ನೀರಿಗೆ ಬಿಟ್ಟು ಪರೀಕ್ಷಿಸಿದರು. ಐದು ನಿಮಿಷವಾಯಿತು. ಹತ್ತಾಯಿತು. ಹಡಗು ಮದುಮಗನ ಹಾಗೆ ಠೀವಿಯಿಂದ ನಿಂತಿತ್ತು.

ವಿಜ್ಞಾನದ ಮೇಷ್ಟ್ರು ಬಾಗಿಲಲ್ಲಿ ಇಣುಕಿದರು. ಒಳ್ಳೆಯ ಮನುಷ್ಯ. ಕರೆಯದಿದ್ದರೂ ಬಂದು ಸಹಾಯ ಮಾಡುವಷ್ಟು ಒಳ್ಳೆಯವರು. ಹಡಗಿನ ಹೊಟ್ಟೆಯನ್ನು ಉಗುರಿನಿಂದ ಕೆರೆದು ನಕ್ಕರು. "ಮೇಣ ಕಣ್ರೀ! ಒಳಗೂ ಹಚ್ಚಿದಾರೆ, ಹೊರಗೂ ಹಚ್ಚಿದಾರೆ. ಇನ್ನು ನೀರು ಎಲ್ಲಿಂದ ನುಗ್ಗುತ್ತೆ? ಒಂದು ತೂತು ಹೊಡೀರಿ, ತಾನಾಗೇ ಹೋಗುತ್ತೆ."

ಮೇಷ್ಟ್ರು ಕಂಪಾಸಿನ ಮೊನೆಯಿಂದ ತಳಕ್ಕೆ ಮೂರು ತೂತು ಹೊಡೆದರು. ಹಿಂದೆ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ತಿರುಗಿದರೆ ಗುಂಗುರು ಕೂದಲಿನವಳು ಕಣ್ಣರಳಿಸಿ ನಿಂತಿದ್ದಳು.

"ಏನಮ್ಮಾ?"

"ಏನಿಲ್ಲ, ಸಾರ್. ನೀವು ಊಟಕ್ಕೆ ಹೋಗ್ಬನ್ನಿ. ನಾವು ನೋಡ್ಕೋತೀವಿ."

ಎಂಥ ಮಕ್ಕಳಪ್ಪಾ ಎಂದು ಮೇಷ್ಟ್ರು ಊಟಕ್ಕೆ ಹೋದರು.

ಎರಡು ಗಂಟೆಗೆ ಇನ್ಸ್‌ಪೆಕ್ಟರ್ ಬಂದರು. ಬೇಸಿಗೆಯಲ್ಲೂ ಕೋಟಿನ ಗುಂಡಿ ಬಿಚ್ಚದ ಗಂಭೀರ ಮನುಷ್ಯ. ಹಿಂದೆ ಹೆಡ್‌ಮಿಸ್, ವಿಜ್ಞಾನದ ಮೇಷ್ಟ್ರು, ರಬ್ಬರು ತುದಿಯ ಪೆನ್ಸಿಲು ಹಿಡಿದ ಲೆಕ್ಕದ ಮಿಸ್.

ಡ್ರಾಯಿಂಗ್ ಮೇಷ್ಟ್ರು ಹಡಗನ್ನೂ ಹಿಮಗಡ್ಡೆಯನ್ನೂ ನೀರಿಗಿಳಿಸಿದರು. "ಕಗ್ಗತ್ತಲೆ. ಕೊರೆಯುವ ಚಳಿ. ಎದುರಿಗೆ ಬೆಟ್ಟದಂಥ ಹಿಮ..." ಎನ್ನುತ್ತ ಹಡಗನ್ನು ಮೆಲ್ಲಗೆ ತಳ್ಳಿದರು. ಡಿಕ್ಕಿಯಾಯಿತು. "ಅಯ್ಯೋ! ನೋಡನೋಡುತ್ತಿದ್ದಂತೆ..."

ನೋಡನೋಡುತ್ತಿದ್ದಂತೆ ಹಿಮಗಡ್ಡೆ ಗುಳುಗುಳು ಎಂದು ನೀರು ಕುಡಿದು ತಳ ಸೇರಿತು.

"ಹೋ!" ಎಂದು ಮಕ್ಕಳು ಚಪ್ಪಾಳೆ ಹೊಡೆದವು. ಹಡಗು ಒಮ್ಮೆ ಓಲಾಡಿ, ಹನ್ನೊಂದು ಅಜ್ಜಿಯರ ಸಮೇತ ಟಬ್ಬಿನ ಆಚೆ ದಡಕ್ಕೆ ಸಾಗಿತು.

"ಪುಸ್ತಕದಲ್ಲಿ ಹೀಗಿತ್ತಾ?" ಎಂದರು ಇನ್ಸ್‌ಪೆಕ್ಟರ್.

"ಮುಳುಗುತ್ತೆ, ಸಾರ್. ಒಂದೈದು ನಿಮಿಷ." ಮೇಷ್ಟ್ರು ಬೆರಳಿನಿಂದ ಒತ್ತಿದರು. ಹಡಗು ಕೆಳಗೆ ಹೋಗಿ ಚಂಗನೆ ಮೇಲೆ ಬಂತು.

"ಭಾರ ಸಾಲ್ದು," ಎಂದು ಲೆಕ್ಕದ ಮಿಸ್ ಕರಿಹಲಗೆ ಒರೆಸುವ ಡಸ್ಟರ್ ಕೊಟ್ಟರು. "ಇನ್ನೊಂದಿಡಿ." ಎರಡು ಡಸ್ಟರ್, ಒಂದು ಕಲ್ಲು, ಕೊನೆಗೆ ಹೆಡ್‌ಮಿಸ್ ಅವರ ಬೀಗದ ಕೈಗೊಂಚಲು. ಹಡಗು ಅಷ್ಟನ್ನೂ ಹೊತ್ತು ತೇಲಿತು. ಮುಳುಗುತ್ತಿದ್ದವರು ಮೇಷ್ಟ್ರೊಬ್ಬರೇ. ಅವರ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು.

ಇನ್ಸ್‌ಪೆಕ್ಟರ್ ಮೊಣಕಾಲೂರಿ ಟಬ್ಬಿನ ಪಕ್ಕ ಕೂತರು. "ಯಾಕೆ ಮುಳುಗ್ತಿಲ್ಲ ಇದು? ಯಾರು ಹೇಳ್ತೀರಾ?"

"ನಾನು, ಸಾರ್!" ಗುಂಗುರು ಕೂದಲಿನವಳು ಕೈಯೆತ್ತಿದಳು. "ಮೇಣ ಹಚ್ಚಿದ್ರೆ ನೀರು ಒಳಗೆ ಹೋಗಲ್ಲ. ಅದಕ್ಕೆ ನಾಲ್ಕು ಸಲ ಹಚ್ಚಿದ್ವಿ. ನಮ್ಮ ಸಾರ್ ತೂತು ಮಾಡ್ಬಿಟ್ರು. ಅದಕ್ಕೂ ಮೇಣ ತುಂಬಿದ್ವಿ."

"ಸಾರ್ ಹೇಳಿದ್ರಾ?"

"ಇಲ್ಲ. ನಮ್ಮಜ್ಜಿಗೆ ಈಜು ಬರಲ್ಲ."

ಬಯ್ಯಲೆಂದು ಬಾಯಿ ತೆರೆದ ಮೇಷ್ಟ್ರು, ಹಡಗಿನ ಮೇಲಿನ ಡಸ್ಟರ್‌ಗಳನ್ನು ಒಂದೊಂದಾಗಿ ಇಳಿಸಿದರು. ಇನ್ಸ್‌ಪೆಕ್ಟರ್ ಕೋಟಿನ ಮೇಲಿನ ಗುಂಡಿ ಬಿಚ್ಚಿ, ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

"ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಪಾಠ ನೋಡಿಲ್ಲ," ಎಂದು ಮೇಷ್ಟ್ರ ಕೈ ಹಿಡಿದು ಕುಲುಕಿದರು. "ಈ ಪೀರಿಯಡ್‌ಗಳನ್ನ ಯಾರೂ ಮುಟ್ಟಕೂಡದು!"

ಲೆಕ್ಕದ ಮಿಸ್ ಸ್ಟಾಫ್‌ರೂಮಿಗೆ ಹೋಗಿ ಪೆನ್ಸಿಲ್ ಗೆರೆಗಳನ್ನು ಅಳಿಸಿದರು. ಮೇಷ್ಟ್ರು ಮೂರು ಕಪ್ ಟೀ ಕುಡಿದರು, ಎಲ್ಲರ ಬಿಲ್ಲೂ ತಾವೇ ಕೊಡುತ್ತೇನೆಂದರು.

ನಾಲ್ಕು ಗಂಟೆಗೆ ಹೆಡ್‌ಮಿಸ್ ಇನ್ಸ್‌ಪೆಕ್ಟರರ ವರದಿ ತಂದು ಎಲ್ಲರೆದುರು ಓದಿದರು. "ತೇಲುವುದು, ಮುಳುಗುವುದು, ನೀರಿಗೆ ಮೇಣ ಒಡ್ಡುವ ತಡೆ, ಇಷ್ಟನ್ನೂ ಮಕ್ಕಳು ಕೈಯಾರೆ ಮಾಡಿ ಕಲಿತಿದ್ದಾರೆ. ನಾನು ಕಂಡ ಅತ್ಯುತ್ತಮ ವಿಜ್ಞಾನ ಪಾಠವಿದು. ಆದ್ದರಿಂದ ಡ್ರಾಯಿಂಗ್ ಎಂಬ ಹೆಸರಿನಲ್ಲಿರುವ ಎಲ್ಲ ಪೀರಿಯಡ್‌ಗಳನ್ನೂ ಒಂದೂ ಬಿಡದೆ ವಿಜ್ಞಾನದ ಮೇಷ್ಟ್ರಿಗೆ ವಹಿಸತಕ್ಕದ್ದು."

ಎಲ್ಲರಿಗಿಂತ ಹೆಚ್ಚು ಮುಖ ಬಾಡಿದ್ದು ವಿಜ್ಞಾನದ ಮೇಷ್ಟ್ರದು. ಅವರು ಮೆಲ್ಲಗೆ ಬಂದು ಡ್ರಾಯಿಂಗ್ ಮೇಷ್ಟ್ರ ಪಕ್ಕ ಕೂತರು.

"ತಪ್ಪು ತಿಳ್ಕೋಬೇಡಿ ಮಾರಾಯ್ರೇ. ನಂಗೆ ನೆಟ್ಟಗೆ ಒಂದು ಗೆರೆ ಎಳೆಯಕ್ಕೂ ಬರಲ್ಲ. ಆ ಪೀರಿಯಡ್‌ಗಳಲ್ಲಿ ನೀವೇ ಬಂದು ರಟ್ಟು ಕತ್ತರಿಸಿ, ಬಣ್ಣ ಹಚ್ಚಿಸಿಕೊಟ್ಟುಬಿಡಿ. ಹೇಗೂ ಈಗ ನಿಮಗೆ ಬಿಡುವಲ್ವಾ?"